ಎರಡನೇ ಭಾಗ ಯಾರ ಹತ್ತಿರ ಇದೆ?

"ಇಲ್ಲ. ಇವತ್ತೂ ಬಂದಿಲ್ಲ."

ಶಿಹೊ ಕಪಾಟಿನ ಕೆಳಗಿನ ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನೋಡಿದಳು. ನಾಯಿ ಸಾಕುವುದು ಹೇಗೆ ಅನ್ನುವ ಪುಸ್ತಕ ಇತ್ತು. ಉಪ್ಪಿನಕಾಯಿ ಹಾಕುವ ಪುಸ್ತಕ ಇತ್ತು. ದಪ್ಪ ದಪ್ಪ ಪತ್ತೇದಾರಿ ಕಾದಂಬರಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. 'ಏಳು ಬೀಗದ ದ್ವೀಪ', ಎರಡನೇ ಭಾಗ ಮಾತ್ರ ಇರಲಿಲ್ಲ.

"ಬಾರೇ, ಹೋಗೋಣ. ಪುಸ್ತಕ ಏನು ನಿನ್ನ ಮುಖ ನೋಡಿ ಓಡಿ ಬರುತ್ತಾ?" ಗೆಂಟಾ ವೇಟಿಂಗ್ ರೂಮಿನ ಬಾಗಿಲಿಗೆ ಒರಗಿ ನಿಂತಿದ್ದ. ಶಾಲೆ ಬಿಟ್ಟ ಮೇಲೆ ಅವನು ಮನೆಗೆ ಹೋಗುವ ದಾರಿಯೂ ಇದೇ.

"ಆರು ವಾರ ಆಯ್ತು ಕಣೋ. ಆರು ವಾರ! ಟೊಕಿಯ ತಮ್ಮ ಬಾವಿ ಒಳಗೆ ಇಳಿದಿದಾನೆ. ಟೊಕಿ ಹಗ್ಗ ಎಳೆದ್ರೆ ಬರೀ ಹಗ್ಗ ಮೇಲೆ ಬಂತು. ಅಲ್ಲಿಗೆ ಮೊದಲನೇ ಭಾಗ ಮುಗಿದುಹೋಯ್ತು."

"ಸತ್ತಿರ್ತಾನೆ ಬಿಡು."

"ನೀನು ಸಾಯಿ."

ಇಸೊನೆ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರರಿಲ್ಲ. ಟಿಕೆಟ್ ಕೊಡುವವರೂ ಇಲ್ಲ. ಗಂಟೆಗೊಮ್ಮೆ ಒಂದೇ ಬೋಗಿಯ ರೈಲು ಬಂದು ನಿಂತು ಹೋಗುತ್ತದೆ. ಮೊದಲು ಟಿಕೆಟ್ ಕಿಟಕಿ ಇದ್ದ ಜಾಗದಲ್ಲಿ ಈಗ ಮೂರು ಸಾಲಿನ ಪುಸ್ತಕದ ಕಪಾಟಿದೆ. ಅದರ ನೆತ್ತಿಯ ಮೇಲೆ ಕಪ್ಪು ಇಂಕಿನಲ್ಲಿ ಬರೆದ ಹಲಗೆ: 'ಹೆಸರು ಬರೆಯಬೇಕಾಗಿಲ್ಲ. ತಾರೀಖು ಇಲ್ಲ. ಓದಿ, ಈ ಲೈನಿನ ಯಾವ ಸ್ಟೇಷನ್ನಿನಲ್ಲಾದರೂ ಇಡಿ.'

ಮೊದಲನೇ ಭಾಗ ಶಿಹೊಳ ಸ್ಕೂಲ್ ಬ್ಯಾಗಿನಲ್ಲೇ ಇತ್ತು. ಅದನ್ನು ಅವಳು ಮೂರು ಸಲ ಓದಿ ಮುಗಿಸಿದ್ದಳು. ಆದರೂ ಕಪಾಟಿಗೆ ಇಟ್ಟಿರಲಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಇದನ್ನು ಇಟ್ಟರೆ ಬೇರೆ ಯಾರೋ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಒಂದು ಭಾಗ ಒಂದು ಊರಲ್ಲಿ, ಇನ್ನೊಂದು ಭಾಗ ಇನ್ನೊಂದು ಊರಲ್ಲಿ. ಎರಡನೆಯದು ಸಿಕ್ಕಿದ ಮೇಲೆ ಎರಡನ್ನೂ ಒಟ್ಟಿಗೆ ಇಟ್ಟರಾಯಿತು.

"ನೀನು ಹೋಗು. ನಾನು ಉಸುಯಿ ತಾತನ್ನ ಕೇಳ್ಕೊಂಡು ಬರ್ತೀನಿ," ಎಂದಳು.

ಸ್ಟೇಷನ್ನಿನ ಎದುರಿಗೇ ಉಸುಯಿ ತಾತನ ಕಟಿಂಗ್ ಶಾಪ್. ವೇಟಿಂಗ್ ರೂಮಿನ ಬೀಗದ ಕೈ ಇರುವುದು ಅವರ ಹತ್ತಿರ. ಬೆಳಿಗ್ಗೆ ಬೀಗ ತೆಗೆಯುವುದು, ಕಸ ಗುಡಿಸುವುದು, ಬೆನ್ನು ಕಿತ್ತ ಪುಸ್ತಕಕ್ಕೆ ಅಂಟು ಹಚ್ಚುವುದು ಎಲ್ಲ ಅವರೇ. ಹಲಗೆ ಬರೆದದ್ದೂ ಅವರೇ.

ಕುರ್ಚಿಯಲ್ಲಿ ಒಬ್ಬ ಮೀನುಗಾರ ಬಿಳಿ ಬಟ್ಟೆ ಹೊದ್ದು ಕೂತು ಗೊರಕೆ ಹೊಡೆಯುತ್ತಿದ್ದ. ಉಸುಯಿ ತಾತ ಅವನ ತಲೆಯನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿ ಇನ್ನೊಂದು ಕೈಯಲ್ಲಿ ಕತ್ತರಿ ಆಡಿಸುತ್ತಿದ್ದರು.

"ತಾತ, ಎರಡನೇ ಭಾಗ ಯಾರ ಹತ್ತಿರ ಇದೆ?"

"ಓದ್ತಾ ಇರೋರ ಹತ್ತಿರ."

"ಅಂದ್ರೆ ಯಾರು? ನಿಮಗೆ ಗೊತ್ತಲ್ವಾ? ನೀವು ಇಲ್ಲಿಂದ ಎಲ್ಲಾ ನೋಡ್ತಿರ್ತೀರ."

"ನೋಡ್ತೀನಿ."

"ಮತ್ತೆ ಹೇಳಿ!"

ತಾತ ಕತ್ತರಿ ನಿಲ್ಲಿಸಿದರು. "ಯಾರು ಏನು ಓದ್ತಾರೆ ಅಂತ ನಾನು ಯಾರಿಗೂ ಹೇಳೋದಿಲ್ಲ. ನೀನು ಹೋದ ತಿಂಗಳು ಏನು ತಗೊಂಡೆ ಅಂತ ನಿನ್ನ ಆ ಸ್ನೇಹಿತ ಕೇಳಿದ, ಗೆಂಟಾ. ಹೇಳಿದ್ನಾ ನಾನು?"

ಹೋದ ತಿಂಗಳು ಶಿಹೊ ತೆಗೆದುಕೊಂಡದ್ದು 'ಹಲ್ಲಿನ ಡಾಕ್ಟರಿಗೆ ಹೆದರಬೇಡ' ಅನ್ನುವ ಪುಸ್ತಕ. ಅದು ಒಂದನೇ ಕ್ಲಾಸಿನವರದ್ದು.

"ಇನ್ನೊಂದು ಮಾತು," ತಾತ ಮತ್ತೆ ಕತ್ತರಿ ಆಡಿಸಿದರು. "ಮೊದಲನೇ ಭಾಗಾನೂ ಯಾರೋ ಹುಡುಕ್ತಾ ಇದ್ರು. ಮೂರು ನಾಲ್ಕು ಸಲ ಬಂದು ನೋಡಿದ್ರು. ಅದು ಎಲ್ಲಿಗೆ ಹೋಯ್ತೋ ಏನೋ."

ಶಿಹೊಳ ಬ್ಯಾಗು ಇದ್ದಕ್ಕಿದ್ದಂತೆ ಭಾರವಾಯಿತು. ಆದರೆ ಹುಡುಕುವವರು ಇವತ್ತಲ್ಲ ನಾಳೆ ಬೇರೆ ಪುಸ್ತಕ ತಗೊಳ್ಳುತ್ತಾರೆ. ಅವರ ತಮ್ಮ ಏನೂ ಬಾವಿಯಲ್ಲಿ ಇಲ್ಲವಲ್ಲ.

ಅವಳು ಮತ್ತೆ ವೇಟಿಂಗ್ ರೂಮಿಗೆ ಹೋದಳು. ಕಪಾಟಿನ ಪಕ್ಕದಲ್ಲಿ ದಾರದಲ್ಲಿ ಕಟ್ಟಿದ ಒಂದು ನೋಟ್‌ಬುಕ್ ನೇತಾಡುತ್ತದೆ. ಸಣ್ಣ ಸ್ಟೇಷನ್ ನೋಡಲೆಂದೇ ದೂರದಿಂದ ಬರುವ ರೈಲು ಹುಚ್ಚಿನವರು ಅದರಲ್ಲಿ ನಾಲ್ಕು ಸಾಲು ಬರೆದು ಹೋಗುತ್ತಾರೆ. ರೈಲಿಗೆ ಕಾಯುವ ಹೈಸ್ಕೂಲಿನವರು ಚಿತ್ರ ಬರೆಯುತ್ತಾರೆ. ಬರೆಯಲು ಏನೂ ಇಲ್ಲದವರು ಇವತ್ತು ಮಳೆ ಎಂದು ಬರೆಯುತ್ತಾರೆ. ಒಟ್ಟಿನಲ್ಲಿ ರೈಲಿಗೆ ಕಾಯುವವರೆಲ್ಲ ಅದನ್ನು ಓದುತ್ತಾರೆ.

ಶಿಹೊಳ ಪೆನ್ಸಿಲಿನ ಮೊನೆ ಮುರಿದಿತ್ತು. ಬ್ಯಾಗಿನಲ್ಲಿದ್ದದ್ದು ತಪ್ಪು ತಿದ್ದುವ ಕೆಂಪು ಪೆನ್ನು. ಅದರಲ್ಲೇ ಬರೆದಳು:

'ಏಳು ಬೀಗದ ದ್ವೀಪ ಎರಡನೇ ಭಾಗ ಇಟ್ಟುಕೊಂಡಿರುವವರಿಗೆ. ಆರು ವಾರ ಆಯಿತು. ಇದು ಎಲ್ಲರ ಪುಸ್ತಕ. ನಿಮ್ಮ ಮನೆಯದಲ್ಲ. ಹೀಗೆ ಮಾಡುವವರನ್ನು ಕಳ್ಳರು ಅಂತಾರೆ. ಇಂತಿ, ಕಾಯುತ್ತಿರುವವಳು.'

'ಕಳ್ಳರು' ಅನ್ನುವುದರ ಕೆಳಗೆ ಎರಡು ಗೆರೆ ಎಳೆದಳು.

ಮರುದಿನ ಸಂಜೆ ಅದರ ಕೆಳಗೆ ಮೂರು ಉತ್ತರಗಳಿದ್ದವು.

'ಸರಿಯಾಗಿ ಹೇಳಿದೆ ಕಾಯುತ್ತಿರುವವಳೇ! ನನ್ನ ಛತ್ರಿ ಎತ್ತಿಕೊಂಡು ಹೋದದ್ದೂ ಅವರೇ ಇರಬೇಕು.'

'ಹಿಡಿದು ಉಸುಯಿ ತಾತನಿಗೆ ಕೊಡಿ. ತಲೆ ಬೋಳಿಸಲಿ.' ಇದರ ಪಕ್ಕದಲ್ಲಿ ಮೂಗಿನ ಕೆಳಗೆ ಕರ್ಚೀಫು ಗಂಟು ಹಾಕಿಕೊಂಡ, ಬೆನ್ನ ಮೇಲೆ ದೊಡ್ಡ ಗಂಟು ಹೊತ್ತ ಕಳ್ಳನ ಚಿತ್ರ. ಗಂಟಿನ ತುಂಬ ಪುಸ್ತಕ.

ಮೂರನೆಯದು ದುಂಡಗಿನ ಅಕ್ಷರ. 'ಮೂರು ರೈಲು ಬದಲಿಸಿ ಈ ಸ್ಟೇಷನ್ ನೋಡಲು ಬಂದೆ. ಸಮುದ್ರ ಸುಂದರ. ಇಂಥ ಕಡೆಯೂ ಇಂಥವರು ಇರುವುದು ಓದಿ ಬೇಜಾರಾಯಿತು.'

ಶಿಹೊಗೆ ಖುಷಿಯಾಯಿತು. ಗೆಂಟಾನನ್ನು ಕರೆದುಕೊಂಡು ಬಂದು ತೋರಿಸಿದಳು. ಗೆಂಟಾ ಕಳ್ಳನ ಚಿತ್ರಕ್ಕೆ ಮೀಸೆ ಸೇರಿಸಿದ.

ಮನೆಯಲ್ಲಿ ಅಂದು ಸಂಜೆ ಎಲ್ಲ ದಿನದ ಹಾಗೇ ಇತ್ತು. ಅಪ್ಪ ಲಾರಿಯಲ್ಲಿ ಹೋದರೆ ಹದಿನೈದು ದಿನಕ್ಕೊಮ್ಮೆ ಬರುವುದು. ಅಜ್ಜಿ ಟಿವಿ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ಅಮ್ಮ ಮಿನಾತೊದ ಮೀನಿನ ಫ್ಯಾಕ್ಟರಿಯಿಂದ ಆರು ನಲವತ್ತೆರಡರ ರೈಲಿಗೆ ಬಂದವಳು ಕೋಟು ಬಿಚ್ಚಿ ನೇರ ಒಲೆಯ ಮುಂದೆ ನಿಂತಿದ್ದಳು.

"ರೈಲಲ್ಲಿ ಕೂತ್ಕೊಳ್ಳೋಕೆ ಜಾಗ ಸಿಕ್ತಾ?" ಅಜ್ಜಿ ಕೇಳಿದರು.

"ಸಿಕ್ತು ಅತ್ತೆ. ನಿದ್ದೆ ಮಾಡ್ಬಿಟ್ಟೆ."

ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ಅಮ್ಮ ರೈಲಿನಲ್ಲಿ ಹೋಗುವಾಗ ಮೂವತ್ತೈದು ನಿಮಿಷ, ಬರುವಾಗ ಮೂವತ್ತೈದು ನಿಮಿಷ ನಿದ್ದೆ ಮಾಡುತ್ತಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಶಿಹೊ ಪಠ್ಯಪುಸ್ತಕ ತೆಗೆದು ಜೋರಾಗಿ ಓದತೊಡಗಿದಳು. ದಿನಾ ಒಂದು ಪಾಠ ಮನೆಯಲ್ಲಿ ಗಟ್ಟಿಯಾಗಿ ಓದಬೇಕು, ದೊಡ್ಡವರು ಕೇಳಿ ಕಾರ್ಡಿಗೆ ಸಹಿಯ ಬದಲು ಹೆಸರಿನ ಮುದ್ರೆ ಒತ್ತಬೇಕು. ಟೀಚರ್ ಬೆಳಿಗ್ಗೆ ನೋಡುತ್ತಾರೆ. ಅಮ್ಮ ಮೂಲಂಗಿ ಹೆಚ್ಚುತ್ತಲೇ ಕೇಳಿದಳು. ಆಮೇಲೆ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡಳು. ಶಿಹೊ ಬರೆದಿದ್ದ ಪಾಠದ ಹೆಸರಿನ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ನಿನ್ನ ಅಕ್ಷರ ಈಗ ದೂರದಿಂದಾನೂ ಗೊತ್ತಾಗುತ್ತೆ," ಎಂದಳು.

"ಚೆನ್ನಾಗಿದೆಯಾ?"

"ಹೂಂ, ಚೆನ್ನಾಗಿದೆ." ಅಮ್ಮ ಮುದ್ರೆ ಒತ್ತಿದಳು.

ಎರಡು ದಿನ ಬಿಟ್ಟು ಎರಡನೇ ಭಾಗ ಬಂತು.

ಕೆಳಗಿನ ಸಾಲಿನಲ್ಲಿ, ನಾಯಿ ಪುಸ್ತಕದ ಪಕ್ಕದಲ್ಲಿ, ಎಲ್ಲಿಗೂ ಹೋಗಿಯೇ ಇರಲಿಲ್ಲ ಅನ್ನುವ ಹಾಗೆ ನೆಟ್ಟಗೆ ನಿಂತಿತ್ತು. ಶಿಹೊ ಕೂಗಿಕೊಂಡಳು. ವೇಟಿಂಗ್ ರೂಮಿನಲ್ಲಿದ್ದ ಹೈಸ್ಕೂಲು ಹುಡುಗಿ ಇಯರ್‌ಫೋನ್ ತೆಗೆದು ಅವಳನ್ನು ನೋಡಿ, ಮತ್ತೆ ಹಾಕಿಕೊಂಡಳು.

ನೋಟ್‌ಬುಕ್ಕಿನಲ್ಲಿ ಕಳ್ಳ ಏನಾದರೂ ಬರೆದಿದ್ದಾನಾ ಎಂದು ನೋಡಿದಳು. ಏನೂ ಇರಲಿಲ್ಲ. ತಪ್ಪಾಯಿತು ಅನ್ನುವ ಒಂದು ಮಾತೂ ಇಲ್ಲ.

ಮನೆಯ ತನಕ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತು ಪುಸ್ತಕ ಬಿಡಿಸಿದಳು. ಅದು ತಾನಾಗಿ ನೂರ ನಲವತ್ತೆಂಟನೇ ಪುಟಕ್ಕೆ ತೆರೆದುಕೊಂಡಿತು. ಅಲ್ಲಿ ಗುರುತಿಗೆ ಒಂದು ಕಾಗದ ಮಡಚಿ ಇಟ್ಟಿತ್ತು. ಪುಸ್ತಕ ಅರ್ಧವೂ ಆಗಿಲ್ಲ. 'ಆರು ವಾರಕ್ಕೆ ಇಷ್ಟೇನಾ, ಕಳ್ಳ ಆಮೆ,' ಎಂದುಕೊಂಡು ಶಿಹೊ ಕಾಗದ ಬಿಡಿಸಿದಳು.

ಅದು ಶಾಲೆಯ ಊಟದ ಪಟ್ಟಿ. ಅವಳದೇ ಶಾಲೆಯದು, ಅಕ್ಟೋಬರ್ ತಿಂಗಳದು. ಮಧ್ಯಾಹ್ನ ಯಾವ ದಿನ ಏನು ಊಟ ಎಂದು ತಿಂಗಳಿಗೊಮ್ಮೆ ಎಲ್ಲರ ಮನೆಗೂ ಬರುತ್ತದೆ. ಎಲ್ಲರ ಅಮ್ಮಂದಿರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಶಾಲೆಯಲ್ಲಿ ಮೀನು ತಿಂದ ದಿನ ರಾತ್ರಿಯೂ ಮೀನೇ ಆದರೆ ಮಕ್ಕಳು ಮುಖ ಊದಿಸುತ್ತವಲ್ಲ, ಅದಕ್ಕೆ.

ಈ ಪಟ್ಟಿಯಲ್ಲಿ ಮೀನಿನ ದಿನಗಳಿಗೆಲ್ಲ ಸುತ್ತು ಹಾಕಿತ್ತು. ಸುತ್ತುಗಳು ಪೂರ್ತಿ ಮುಚ್ಚಿರಲಿಲ್ಲ. ಕೊನೆಯಲ್ಲಿ ಸಣ್ಣ ಬಾಲವಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: 'ಅತ್ತೆ ಕಣ್ಣಿನ ಔಷಧಿ. ಮೊಟ್ಟೆ. ಶುಕ್ರವಾರ ಶಿಹೊ ಶೂ.'

ಶಿಹೊ ಅದನ್ನು ಇನ್ನೊಮ್ಮೆ ಓದಿದಳು. ಆಮೇಲೆ ಮೊದಲಿದ್ದ ಹಾಗೇ ಮಡಚಿದಳು. ಹೈಸ್ಕೂಲು ಹುಡುಗಿಯ ರೈಲು ಬಂದು ಅವಳನ್ನು ಹತ್ತಿಸಿಕೊಂಡು ಹೋಯಿತು. ವೇಟಿಂಗ್ ರೂಮಿನಲ್ಲಿ ಶಿಹೊ ಒಬ್ಬಳೇ ಆದಳು.

ಅಮ್ಮ ಪುಸ್ತಕ ಓದುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಮನೆಯಲ್ಲಿ ಅಮ್ಮ ಕೂರುವುದೇ ಊಟಕ್ಕೆ. ಆಗಲೂ ಅರ್ಧ ಎದ್ದೇ ಇರುತ್ತಾಳೆ. ಯಾರಿಗಾದರೂ ಇನ್ನೊಂದು ಬಟ್ಟಲು ಅನ್ನ ಬೇಕಾದರೆ? ಶಿಹೊ ಓದುತ್ತ ಕೂತರೆ ಅಜ್ಜಿ ಅನ್ನುತ್ತಾರೆ, "ಓದಿದ್ದು ಸಾಕು, ಬಟ್ಟೆ ಮಡಚು. ನಿಮ್ಮಮ್ಮನ್ನ ನೋಡು, ಪೇಪರ್ ಓದೋಕೂ ಕೂರಲ್ಲ." ಅದು ಹೊಗಳಿಕೆ. ಅಮ್ಮ ಅದನ್ನು ಕೇಳಿಸಿಕೊಂಡು ಸುಮ್ಮನೆ ಮೂಲಂಗಿ ಹೆಚ್ಚುತ್ತಾಳೆ.

ರೈಲಿನಲ್ಲಿ ಅಮ್ಮ ನಿದ್ದೆ ಮಾಡುತ್ತಿರಲಿಲ್ಲ. ನಿಜವಾಗಿ ನಿದ್ದೆ ಬಂದ ದಿನಗಳೂ ಇರಬೇಕು, ಅದಕ್ಕೇ ಆರು ವಾರಕ್ಕೆ ನೂರ ನಲವತ್ತೆಂಟು ಪುಟ.

ಮೊದಲನೇ ಭಾಗ ಹುಡುಕಿಕೊಂಡು ಮೂರು ನಾಲ್ಕು ಸಲ ಬಂದವರು ಯಾರೆಂದೂ ಈಗ ಗೊತ್ತಾಯಿತು. ಅದು ಸಿಗಲಿಲ್ಲವೆಂದು ಅಮ್ಮ ಎರಡನೆಯದನ್ನೇ ಶುರು ಮಾಡಿದ್ದಾಳೆ. ಟೊಕಿ ಯಾರು, ದ್ವೀಪಕ್ಕೆ ಯಾಕೆ ಹೋದಳು, ಬಾವಿಯೊಳಗಿನ ಹುಡುಗ ಅವಳಿಗೆ ಏನಾಗಬೇಕು, ಒಂದೂ ಗೊತ್ತಿಲ್ಲದೆ. ಮೊದಲನೇ ಭಾಗ ಅಷ್ಟೂ ದಿನ ಎಲ್ಲಿತ್ತು? ಅಮ್ಮ ದಿನವೂ ಬೆಳಿಗ್ಗೆ ನೀರಿನ ಬಾಟಲಿ ತುರುಕುವ ಬ್ಯಾಗಿನಲ್ಲಿ.

ಶಿಹೊ ನೋಟ್‌ಬುಕ್ ಬಿಡಿಸಿದಳು. ಕೆಂಪು ಅಕ್ಷರ. ಎರಡು ಗೆರೆ. ಮೀಸೆಯ ಕಳ್ಳ. ಅಮ್ಮ ಇಲ್ಲೇ ನಿಂತು ಇದನ್ನೆಲ್ಲ ಓದಿದ್ದಾಳೆ. ಅಕ್ಷರ ಗುರುತು ಹಿಡಿದಿದ್ದಾಳೆ. ಮನೆಗೆ ಬಂದು, ಪಾಠ ಕೇಳಿ, ಕಾರ್ಡಿಗೆ ಮುದ್ರೆ ಒತ್ತಿದ್ದಾಳೆ.

ಅವಳು ಹಾಳೆಯ ಮೂಲೆ ಹಿಡಿದು ಎಳೆದಳು.

"ಹೇ! ಹೇ! ಏನ್ಮಾಡ್ತಿದೀಯ?" ಪೊರಕೆ ಹಿಡಿದು ಬಂದ ಉಸುಯಿ ತಾತ ಬಾಗಿಲಲ್ಲಿ ನಿಂತಿದ್ದರು.

"ಈ ಹಾಳೆ ಹರೀಬೇಕು ತಾತ. ಒಂದೇ ಒಂದು."

"ಹರಿಯೋ ಹಾಗಿಲ್ಲ. ಹನ್ನೊಂದು ವರ್ಷ ಆಯ್ತು, ಇಪ್ಪತ್ತಾರು ನೋಟ್‌ಬುಕ್ ತುಂಬಿವೆ. ಒಂದು ಹಾಳೆ ಹರಿದಿಲ್ಲ. ನನ್ನ ಕಟಿಂಗ್ ಸರಿಯಿಲ್ಲ ಅಂತ ಒಬ್ಬ ಎರಡು ಪುಟ ಬರೆದಿದ್ದ, ಅದೂ ಇದೆ."

"ನಾನು ಬರೆದಿದ್ದು ತಪ್ಪು."

"ಕೆಂಪು ಇಂಕಲ್ಲಿ ಬರೆದಾಗ್ಲೇ ಅನ್ಕೊಂಡೆ. ಸಂಬಂಧ ಕಡಿದುಕೊಳ್ಳೋರು ಹಾಗೆ ಬರೆಯೋದು."

"ನಿಮಗೆ ಗೊತ್ತಿತ್ತು. ಅವರು ಯಾರು ಅಂತ ಮೊದಲೇ ಗೊತ್ತಿತ್ತು. ನೀವು ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ?" ತಾತ ಬೆಂಚಿನ ಕೆಳಗೆ ಪೊರಕೆ ತೂರಿಸಿದರು. "ಇಲ್ಲಿ ನಿಂತು ಪುಸ್ತಕ ತಿರುವಿಹಾಕೋರಿಗೆ, ನಾಳೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಅನ್ನಿಸಿದ್ರೆ, ಒಬ್ರೂ ಕೈ ಹಾಕಲ್ಲ. ಕಾಲು ಎತ್ತು."

ಶಿಹೊ ಕಾಲು ಎತ್ತಿದಳು. ತಾತ ಅವಳ ಕೆಳಗಿನ ಕಸ ಎಳೆದುಕೊಂಡರು.

"ಈಗ ಏನ್ಮಾಡ್ಲಿ?"

"ಕೆಳಗೆ ಜಾಗ ಇದೆಯಲ್ಲ. ಬರಿ."

ಅವರು ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದುಕೊಟ್ಟು, ಪೊರಕೆ ಹಿಡಿದು ಪ್ಲಾಟ್‌ಫಾರಂ ಕಡೆಗೆ ಹೋದರು.

ಶಿಹೊ ಬಹಳ ಹೊತ್ತು ಕೂತಳು. ಕಳ್ಳರು ಎಂದು ಬರೆಯಲು ಅರ್ಧ ನಿಮಿಷ ಸಾಕಾಗಿತ್ತು. ಕೊನೆಗೆ ಬರೆದಳು:

'ಎರಡನೇ ಭಾಗ ಓದುತ್ತಿದ್ದವರು ಕಳ್ಳರಲ್ಲ. ಮೊದಲನೇ ಭಾಗವನ್ನು ಆರು ವಾರ ಇಟ್ಟುಕೊಂಡಿದ್ದು ನಾನು. ನಾಳೆಯಿಂದ ಎರಡೂ ಇಲ್ಲೇ ಇರುತ್ತವೆ. ನಿಧಾನವಾಗಿ ಓದಿ. ತಾರೀಖು ಇಲ್ಲ.'

ಎರಡನೇ ಭಾಗವನ್ನು ಆ ದಿನ ಮನೆಗೆ ಒಯ್ದಳು. ಅಮ್ಮ ಬರುವ ಮೊದಲು, ಬಟ್ಟೆಯ ಬೀರುವಿನ ಹಿಂದೆ ಕೂತು ಮೊದಲ ಪುಟದಿಂದ ಓದಿದಳು. ಟೊಕಿಯ ತಮ್ಮ ಬಾವಿಯ ತಳದಲ್ಲಿ ಒಂದು ಬಾಗಿಲು ಕಂಡ. ಬಾಗಿಲಿಗೆ ಮೂರನೇ ಬೀಗ. ಅವನು ಬದುಕಿದ್ದ. ಎಷ್ಟು ದಿನದಿಂದ ಕಾದಿದ್ದ ಸುದ್ದಿ. ಆದರೆ ಓದುವಾಗ ಅವಳಿಗೆ ಅಮ್ಮನದೇ ಯೋಚನೆ. ಈ ಸಾಲು ಅಮ್ಮನಿಗೆ ಅರ್ಥವಾಗಿರುತ್ತಾ? ಇಲ್ಲಿ ಅಮ್ಮ ನಕ್ಕಿರುತ್ತಾಳಾ? ಹೀಗೆ ಅವಳು ಎಂದೂ ಓದಿರಲಿಲ್ಲ.

ನೂರ ನಲವತ್ತೆಂಟಕ್ಕೆ ಬಂದಾಗ ನಿಲ್ಲಿಸಿದಳು. ಪುಟದ ಕೊನೆಯಲ್ಲಿ ಟೊಕಿಯ ಕೈಯಲ್ಲಿ ಬೀಗದ ಕೈ ಮುರಿದಿತ್ತು. ಮುಂದಿನ ಪುಟ ತಿರುಗಿಸಲು ಬೆರಳು ಹೋಯಿತು. ತಿರುಗಿಸಲು ಆಗಲಿಲ್ಲ. ಪಟ್ಟಿಯನ್ನು ಇದ್ದ ಜಾಗದಲ್ಲೇ ಇಟ್ಟಳು.

ಮರುದಿನ ಶಾಲೆಗೆ ಹೋಗುವಾಗ ಎರಡೂ ಪುಸ್ತಕಗಳನ್ನು ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟಳು. ಸಂಜೆ ಬಂದು ನೋಡಿದರೆ ಎರಡೂ ಅಲ್ಲೇ. ಅದರ ಮರುದಿನವೂ ಅಲ್ಲೇ. ಅಮ್ಮ ಮನೆಯಲ್ಲಿ ಎಂದಿನಂತೆ ಇದ್ದಳು. "ರೈಲಲ್ಲಿ ಜಾಗ ಸಿಕ್ತಾ?" "ಸಿಕ್ತು ಅತ್ತೆ." ನಿದ್ದೆ ಮಾಡಿದೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಗಮನಿಸಿದವಳು ಶಿಹೊ ಒಬ್ಬಳೇ.

ಮೂರನೆಯ ದಿನ ಬೆಳಿಗ್ಗೆ ಅವಳು ಅಮ್ಮನ ಜೊತೆಗೇ ಮನೆ ಬಿಟ್ಟಳು.

"ಇಷ್ಟು ಬೇಗ ಯಾಕೆ? ಸ್ಕೂಲಿಗೆ ಇನ್ನೂ ಹೊತ್ತಿದೆಯಲ್ಲ," ಎಂದಳು ಅಮ್ಮ.

"ಸ್ಕೂಲಿನ ಮೊಲಕ್ಕೆ ಮೇವು ಹಾಕೋ ಡ್ಯೂಟಿ."

"ಮೊಲದ್ದು ಹೋದ ವಾರ ತಾನೆ ಇತ್ತು?"

"ಈ ವಾರ ಗೆಂಟಾದು. ಅವನಿಗೆ ಮೊಲ ಅಂದ್ರೆ ಹೆದರಿಕೆ."

ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ನವೆಂಬರಿನ ಗಾಳಿ, ಕಿವಿ ಕತ್ತರಿಸುವಂಥದ್ದು. ಸ್ಟೇಷನ್ ಬಂದಾಗ ಅಮ್ಮ ವೇಟಿಂಗ್ ರೂಮಿನ ಬಾಗಿಲು ದಾಟಿ ನೇರ ಪ್ಲಾಟ್‌ಫಾರಂಗೆ ಹೋದಳು. ತಗಡಿನ ಸೂರಿನ ಕೆಳಗೆ, ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಅವಳು ಅಲ್ಲಿ ನಿಂತದ್ದು ಇವತ್ತು ಮೊದಲಲ್ಲವೆಂದು, ಕಂಬದ ಯಾವ ಬದಿಗೆ ನಿಂತರೆ ಗಾಳಿ ಕಡಿಮೆ ಎಂಬುದು ಅವಳಿಗೆ ಆಗಲೇ ತಿಳಿದಿತ್ತೆಂದು, ನೋಡಿದರೆ ಗೊತ್ತಾಗುತ್ತಿತ್ತು.

"ಅಮ್ಮಾ, ರೈಲಿಗೆ ಇನ್ನೂ ಎಂಟು ನಿಮಿಷ ಇದೆ. ಒಳಗೆ ಕೂತ್ಕೊಳ್ಳಲ್ವಾ?"

"ಇಲ್ಲೇ ಚೆನ್ನಾಗಿದೆ. ಇಡೀ ದಿನ ಫ್ಯಾಕ್ಟರಿ ಒಳಗೇ ಇರ್ತೀನಲ್ಲ, ಗಾಳಿ ಬೇಕು."

ಅಮ್ಮನ ಮೂಗಿನ ತುದಿ ಕೆಂಪಾಗಿತ್ತು.

ಶಿಹೊ ಒಂದು ಕ್ಷಣ ಯೋಚಿಸಿದಳು. "ನಂಗೆ ಚಳಿ ಆಗ್ತಿದೆ," ಎಂದಳು.

"ಸ್ಕೂಲಿಗೆ ಹೋಗು ಮತ್ತೆ."

"ತುಂಬಾ ಚಳಿ. ಹೊಟ್ಟೆ ಒಳಗಿಂದ ಚಳಿ. ಜ್ವರ ಬರೋ ಹಾಗಿದೆ."

ಅಮ್ಮ ಅವಳ ಹಣೆ ಮುಟ್ಟಿ ನೋಡಿದಳು. ಮಗಳ ಕೈ ಹಿಡಿದು ವೇಟಿಂಗ್ ರೂಮಿಗೆ ಕರೆದುಕೊಂಡು ಹೋದಳು. ಒಳಗೆ ಸೀಮೆಎಣ್ಣೆ ಸ್ಟೋವು ಉರಿಯುತ್ತಿತ್ತು. ಅಮ್ಮ ಅವಳನ್ನು ಸ್ಟೋವಿನ ಮುಂದೆ ಕೂರಿಸಿ, ಕಪಾಟಿಗೆ ಬೆನ್ನು ಮಾಡಿ ಕೂತಳು. ಇಬ್ಬರೂ ಸ್ಟೋವಿನ ನೀಲಿ ಉರಿಯನ್ನು ನೋಡಿದರು.

"ಈಗ ಹೇಗಿದೆ?"

"ಕಡಿಮೆ ಆಯ್ತು." ಶಿಹೊ ಎದ್ದಳು. "ನಾನು ಹೋಗ್ತೀನಿ. ಗೆಂಟಾ ಕಾಯ್ತಿರ್ತಾನೆ. ನೀನು ಇಲ್ಲೇ ಕೂತ್ಕೋ, ಹೊರಗೆ ಹೋದ್ರೆ ನಿಂಗೂ ಜ್ವರ ಬರುತ್ತೆ. ರೈಲು ಬಂದ್ರೆ ಇಲ್ಲಿಂದ್ಲೇ ಕೇಳುತ್ತೆ."

"ಹಣೆ ತಣ್ಣಗೇ ಇದೆಯಲ್ಲೇ ನಿಂದು," ಅಮ್ಮ ಅಂದಳು.

ಶಿಹೊ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ತಿರುಗಿ ನೋಡಬೇಕೆಂದು ಬಹಳ ಅನ್ನಿಸಿತು. ಎದುರಿನ ಶಾಪಿನಲ್ಲಿ ಉಸುಯಿ ತಾತ ಕನ್ನಡಿ ಒರೆಸುತ್ತಿದ್ದರು. ಆ ಕನ್ನಡಿಯಲ್ಲಿ ಇಡೀ ವೇಟಿಂಗ್ ರೂಮು ಕಾಣುತ್ತದೆ. ಶಿಹೊ ಅದನ್ನೂ ನೋಡದೆ, ನೆಲ ನೋಡಿಕೊಂಡು ಏರು ಹತ್ತಿದಳು.

ಸಂಜೆ ಓಡುತ್ತ ಬಂದಳು. ಕೆಳಗಿನ ಸಾಲಿನಲ್ಲಿ ನಾಯಿ ಪುಸ್ತಕ ಪಕ್ಕಕ್ಕೆ ವಾಲಿತ್ತು. ಮೊದಲನೇ ಭಾಗ ಇರಲಿಲ್ಲ. ಎರಡನೆಯದು ಇತ್ತು. ನೋಟ್‌ಬುಕ್ಕಿನಲ್ಲಿ ಅವಳು ಬರೆದದ್ದರ ಕೆಳಗೆ ಹೊಸದಾಗಿ ಯಾರೋ ಬರೆದಿದ್ದರು: 'ಇವತ್ತು ಗಾಳಿ ಜೋರು. ರೈಲು ನಾಲ್ಕು ನಿಮಿಷ ತಡ.' ಅದು ಅಮ್ಮನ ಅಕ್ಷರವಲ್ಲ. ಅಮ್ಮ ಏನೂ ಬರೆದಿರಲಿಲ್ಲ.

"ಯಾರು ತಗೊಂಡ್ರು ಅಂತ ಕೇಳಲ್ವಾ?" ಶಾಪಿನ ಬಾಗಿಲಿನಿಂದ ಉಸುಯಿ ತಾತ ಕೂಗಿದರು.

"ಇಲ್ಲ," ಎಂದಳು ಶಿಹೊ.

ಎರಡನೇ ಭಾಗವನ್ನು ಅವಳು ಈಗ ಧೈರ್ಯವಾಗಿ ಒಯ್ದಳು. ಅಮ್ಮನಿಗೆ ಇದು ಬೇಕಾಗಲು ಇನ್ನೂ ವಾರಗಳಿವೆ. ಎರಡು ದಿನದಲ್ಲಿ ಓದಿ ಮುಗಿಸಿದಳು. ಏಳನೇ ಬೀಗ ತೆಗೆದಾಗ ಒಳಗೆ ಏನಿತ್ತೆಂಬುದು ಈಗ ಅವಳಿಗೆ ಗೊತ್ತು. ಗೆಂಟಾ ಎಷ್ಟು ಪೀಡಿಸಿದರೂ ಹೇಳಲಿಲ್ಲ. "ಓದ್ಕೋ ಹೋಗು," ಎಂದಳು. ಊಟದ ಪಟ್ಟಿಯನ್ನು ನೂರ ನಲವತ್ತೆಂಟನೇ ಪುಟದಲ್ಲೇ ಇಟ್ಟು ಪುಸ್ತಕವನ್ನು ಕಪಾಟಿಗೆ ಸೇರಿಸಿದಳು.

ಮುಂದಿನ ವಾರ ಒಂದು ಸಂಜೆ ಆರು ನಲವತ್ತೆರಡರ ರೈಲು ಹೋದ ಸದ್ದು ಕೇಳಿ ಬಹಳ ಹೊತ್ತಾದರೂ ಅಮ್ಮ ಬರಲಿಲ್ಲ. ಅಜ್ಜಿ ಎರಡು ಸಲ ಬಾಗಿಲು ತೆಗೆದು ನೋಡಿದರು. ಏಳೂಕಾಲು ದಾಟಿದ ಮೇಲೆ ಅಮ್ಮ ಬಂದಳು. ಕೂದಲೆಲ್ಲ ಗಾಳಿಗೆ ಕೆದರಿತ್ತು.

"ಎಲ್ಲಿ ಹೋಗಿದ್ದೆ? ಗಾಬರಿ ಆಯ್ತು ನಂಗೆ," ಅಜ್ಜಿ ಕೇಳಿದರು.

"ಇಳಿಯೋದು ಮರೆತು ಮುಂದಿನ ಸ್ಟೇಷನ್ನಿಗೆ ಹೋಗ್ಬಿಟ್ಟೆ ಅತ್ತೆ. ಅಲ್ಲಿಂದ ನಡ್ಕೊಂಡು ಬಂದೆ."

"ಮುಂದಿನ ಸ್ಟೇಷನ್ನಿಂದಾನಾ? ಈ ಚಳೀಲಿ? ಅಯ್ಯೋ, ಅಷ್ಟು ನಿದ್ದೇನಾ ನಿಂಗೆ? ಡ್ರೈವರ್ ಆದ್ರೂ ಎಬ್ಬಿಸ್ಬಾರ್ದಿತ್ತಾ?"

"ಹೂಂ ಅತ್ತೆ. ನಿದ್ದೆ ಬಂದ್ಬಿಡ್ತು."

ಶಿಹೊ ಹೋಂವರ್ಕಿನಿಂದ ತಲೆ ಎತ್ತಿದಳು. ಅಮ್ಮನ ಕಿವಿ ಕೆಂಪಾಗಿತ್ತು. ಕಣ್ಣು ಹೊಳೆಯುತ್ತಿತ್ತು. ನಿದ್ದೆ ಮಾಡಿ ಎದ್ದವರ ಮುಖ ಅದಲ್ಲ. ದಿನವೂ ಬಾಗಿಲ ಹತ್ತಿರ ನೆಲದ ಮೇಲೆ ಬಿಸಾಡುವ ಬ್ಯಾಗನ್ನು ಅಮ್ಮ ಇವತ್ತು ಕುರ್ಚಿಯ ಮೇಲೆ ನೆಟ್ಟಗೆ ಇಟ್ಟಳು.

ಶಿಹೊ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದು ದಿನ, ಹತ್ತು ಸಲ ರೈಲು. ಹಾಗಾದರೆ ಎರಡನೇ ಬೀಗ. ದೋಣಿ ಮಗುಚಿದ ಅಧ್ಯಾಯ. ಅಲ್ಲಿ ಯಾರಿಗಾದರೂ ಇಳಿಯಲು ಆಗುತ್ತದೆಯೇ? ಆ ಅಧ್ಯಾಯ ಓದುತ್ತಿದ್ದಾಗ ಅವಳು ಸ್ನಾನದ ನೀರು ತಣ್ಣಗಾಗುವ ತನಕ ಬಚ್ಚಲ ಬಾಗಿಲಲ್ಲೇ ಕೂತಿದ್ದಳು.

ಬಾಯಿ ತುದಿಗೆ ಬಂತು, ದೋಣಿ ಮಗುಚಿತಾ ಎಂದು ಕೇಳಲು.

"ಸಾರು ತಣ್ಣಗಾಗಿದೆ. ಬಿಸಿ ಮಾಡ್ಲಾ ಅಮ್ಮಾ?" ಎಂದಳು.

"ಮಾಡು. ಕುದಿಸ್ಬೇಡ, ರುಚಿ ಹೋಗುತ್ತೆ."

ಅಮ್ಮ ಕೋಟು ಬಿಚ್ಚದೆ ಮೇಜಿನ ಮುಂದೆ ಕೂತಳು. ಪೂರ್ತಿಯಾಗಿ, ಬೆನ್ನು ಒರಗಿಸಿ ಕೂತಳು. ಅಜ್ಜಿ ಇನ್ನೂ ಡ್ರೈವರನನ್ನು ಬೈಯುತ್ತಿದ್ದರು. ಶಿಹೊ ಒಲೆಯ ಗುಂಡಿ ತಿರುಗಿಸಿ, ಸಾರು ಕುದಿಯದ ಹಾಗೆ ನೋಡಿಕೊಳ್ಳುತ್ತ ನಿಂತಳು.